ಹಾಲಮ್ಮತ್ತೆಯ ಹಿತ್ತಲ ಬಾಗಿಲು

ನನ್ನ ಸೋದರತ್ತೆ ಹಾಲಮ್ಮ ಗಂಟೆ ಹೊಡೆದರೂ ಏಳದ ಹೆಂಗಸು ಎಂದು ನಮ್ಮ ದಂಡೆಯಲ್ಲೆಲ್ಲ ಹೆಸರಾಗಿದ್ದಳು. ಬೇರೆ ಊರಿನವರಿಗೆ ಇದರಲ್ಲೇನು ದೊಡ್ಡದು ಅನ್ನಿಸಬಹುದು. ನಮ್ಮೂರಲ್ಲಿ ಅದು ಪೇಟೆಬೀದಿಯಲ್ಲಿ ಹಾಡಹಗಲೇ ಬರೀ ಲಂಗದಲ್ಲಿ ಓಡಾಡಿದಷ್ಟು ದೊಡ್ಡ ಸುದ್ದಿ. ಹೆಂಗಸರು ಅವಳ ಹೆಸರು ಹೇಳಿ ತಮ್ಮ ಮಕ್ಕಳನ್ನು ಹೆದರಿಸುತ್ತಿದ್ದರು.

ನಮ್ಮೂರಿನ ನಡುವೆ ಒಂದು ಹೊಳೆ. ಮೂಡಲ ದಂಡೆಯ ನಮ್ಮ ಜನರ ರಕ್ತ ಬಲು ಬೇಗ ಹೆಪ್ಪುಗಟ್ಟುತ್ತದೆ. ಅದಕ್ಕೇ ನಮ್ಮನ್ನು ಮೊಸರಿನವರು ಎನ್ನುತ್ತಾರೆ. ಪಡುವಲ ದಂಡೆಯವರ ರಕ್ತ ಹೆಪ್ಪುಗಟ್ಟುವುದನ್ನು ಕಾಯುತ್ತ ಕೂತರೆ ಒಂದು ಊಟ ಮುಗಿಸಿ ಬರಬಹುದು. ಅವರು ಮಜ್ಜಿಗೆಯವರು. ಯಾವಾಗಿನಿಂದ ಹೀಗೆ ಎಂದು ಯಾರೂ ಕೇಳಿದ್ದಿಲ್ಲ. ಹೊಳೆಗೆ ಎರಡು ದಂಡೆ ಇರುವ ಹಾಗೆ ಇದೂ ಇತ್ತು, ಅಷ್ಟೆ.

ಕೂತಲ್ಲೇ ಕೂತರೆ ಮೊಸರಿನವರ ರಕ್ತ ಗಟ್ಟಿಯಾಗುತ್ತದೆ. ಹಾಗಾಗಿ ನಮ್ಮ ದಂಡೆಯ ಗೋಪುರದಲ್ಲಿ ಶೇಖಣ್ಣ ಆಗಾಗ ಗಂಟೆ ಹೊಡೆಯುತ್ತಾನೆ. ಹೊಡೆದ ಕೂಡಲೇ ಯಾರು ಏನು ಮಾಡುತ್ತಿದ್ದರೂ ಬಿಟ್ಟು ಎದ್ದು, ಗಂಟೆಯ ಸದ್ದು ನಿಲ್ಲುವ ತನಕ ನಡೆಯಬೇಕು. ನಮ್ಮಲ್ಲಿ ಮದುವೆಯ ಗಂಡುಹೆಣ್ಣು ಹಸೆಮಣೆಯ ಮೇಲೆ ಕೂರುವುದು ಫೋಟೋಕ್ಕಷ್ಟೇ. ತಾಳಿ ಕಟ್ಟುವಾಗ ಗಂಟೆ ಬಿತ್ತೋ, ಗಂಡು ತಾಳಿ ಹಿಡಿದುಕೊಂಡೇ ಹೆಣ್ಣಿನ ಹಿಂದೆ ಮಂಟಪ ಸುತ್ತುತ್ತಾನೆ. ಟೆಂಟಿನಲ್ಲಿ ಸಿನಿಮಾ ನಡೆಯುವಾಗ ಎಲ್ಲರೂ ಎದ್ದು ಪರದೆಯ ಹಿಂದಿನಿಂದ ಒಂದು ಸುತ್ತು ಬರುತ್ತೇವೆ. ಆಗ ಅಷ್ಟು ಹೊತ್ತು ನಾಯಕ ಎಡಗೈಯಲ್ಲಿ ಹೊಡೆದಾಡುತ್ತಿರುತ್ತಾನೆ. ನಾನು ಮಗ್ಗಿ ಕಲಿತದ್ದೂ ಮೇಷ್ಟ್ರ ಬೆನ್ನ ಹಿಂದೆ ಮೈದಾನ ಸುತ್ತುತ್ತ. ಈಗಲೂ ಹದಿನೇಳರ ಮಗ್ಗಿ ಅರ್ಧಕ್ಕೆ ಬಂದರೆ ಕಾಲು ತಾನಾಗಿ ಎಡಕ್ಕೆ ತಿರುಗುತ್ತದೆ.

ಮಜ್ಜಿಗೆಯವರ ದಾರಿಯೇ ಬೇರೆ. ಅವರು ಎಷ್ಟು ಹೊತ್ತು ಬೇಕಾದರೂ ಕೂರಬಲ್ಲರು, ಆದರೆ ಗೀರೊಂದು ಬೀಳಬಾರದು. ಅವರ ದಂಡೆಯಲ್ಲಿ ಚಾಕು ಇಲ್ಲ, ಈಳಿಗೆ ಇಲ್ಲ, ಗುಲಾಬಿ ಗಿಡ ಇಲ್ಲ. ತರಕಾರಿಯನ್ನು ಕೈಯಲ್ಲೇ ಮುರಿಯುತ್ತಾರೆ, ಹರಿಯುತ್ತಾರೆ, ಹಿಚುಕುತ್ತಾರೆ. ಗೋಡೆಗಳ ಮೂಲೆಗಳೆಲ್ಲ ದುಂಡಗೆ, ಬೆಕ್ಕುಗಳ ಉಗುರೆಲ್ಲ ಉಜ್ಜಿ ನುಣ್ಣಗೆ. ಗಂಡಸರೆಲ್ಲ ಗಡ್ಡ ಬಿಟ್ಟವರೇ. ಮಗುವಿನ ಒಂದು ಹಾಲುಹಲ್ಲು ಬಿತ್ತೆಂದರೆ ಮನೆಯವರೆಲ್ಲ ಕೆಲಸಕ್ಕೆ ರಜೆ ಹಾಕಿ ಹತ್ತಿ ಹಿಡಿದು ಕೂರುತ್ತಾರೆ. ಸೂಜಿ ಮುಟ್ಟದ ಜನವಾದ್ದರಿಂದ ಅವರ ಬಟ್ಟೆಯೆಲ್ಲ ಹೊಲಿಯುವುದು ನಮ್ಮ ದಂಡೆಯಲ್ಲೇ. ಸೇತುವೆಯ ಪಕ್ಕದಲ್ಲೇ ಅಂಗಡಿ ಇಟ್ಟುಕೊಂಡ ದರ್ಜಿ ನಾನು, ಕೊಟ್ರೇಶಿ. ನನ್ನ ಹೊಲಿಗೆ ಮಿಷನ್ನು ಎದೆಮಟ್ಟದ ಎತ್ತರದ್ದು, ನಿಂತೇ ಹೊಲಿಯುತ್ತೇನೆ.

ಎರಡು ದಂಡೆಗೂ ಜಗಳವೇನಿರಲಿಲ್ಲ, ಆದರೆ ಇಬ್ಬರೂ ಒಬ್ಬರನ್ನೊಬ್ಬರು ಸ್ವಲ್ಪ ಪೆದ್ದರೆಂದು ತಿಳಿದಿದ್ದರು. ಆ ತೀರ್ಮಾನಕ್ಕಾಗಿ ವರ್ಷಕ್ಕೊಮ್ಮೆ ಸೇತುವೆಯ ನಡುಮಧ್ಯೆ ಚೌಕಾಬಾರದ ಪಂದ್ಯ. ಗೆದ್ದ ದಂಡೆಯ ಹೆಸರನ್ನು ಆ ವರ್ಷ ಪೂರ್ತಿ ಸೇತುವೆಗೆ ಇಡುತ್ತಿದ್ದರು. ನಾನು ಹೇಳುತ್ತಿರುವ ಕಾಲಕ್ಕೆ ಅದು ಎಷ್ಟೋ ವರ್ಷಗಳಿಂದ ಮಜ್ಜಿಗೆ ಸೇತುವೆಯಾಗಿಯೇ ಉಳಿದಿತ್ತು. ಕಾರಣ ಬೆನಕಪ್ಪ.

ಬೆನಕಪ್ಪ ಪಡುವಲ ದಂಡೆಯ ಹಿರಿಯ. ಸೊಂಟದ ತನಕ ಬಿಳಿ ಗಡ್ಡ, ಕಂಬಳಿಯ ಮೇಲೆ ಒಮ್ಮೆ ಚಕ್ಕಳಮಕ್ಕಳ ಹಾಕಿದನೆಂದರೆ ಬೇರು ಬಿಟ್ಟ ಹಾಗೆ. ಕವಡೆ ಹಾಕುವುದಕ್ಕೂ ಅವನಿಗೆ ಅವಸರವಿಲ್ಲ. ಹಾಲಮ್ಮತ್ತೆ ಅವನೆದುರು ಆಡುವಾಗ ಪ್ರತಿ ಸಲವೂ ಒಂದೇ ಕತೆ. ಇವಳ ಕೈ ಕುದುರಿ, ಬಾರದ ಮೇಲೆ ಬಾರ ಬಿದ್ದು, ಅವನ ಕಾಯಿ ಕಡಿಯುವ ಹೊತ್ತಿಗೆ ಸರಿಯಾಗಿ ಶೇಖಣ್ಣನ ಗಂಟೆ. ಇವಳು ಎದ್ದು ಸೇತುವೆಯ ತುದಿಗೆ ಹೋಗಿ ಬರುವಷ್ಟರಲ್ಲಿ ಅವನು ಗಡ್ಡ ನೀವುತ್ತ ಮುಂದಿನದನ್ನೆಲ್ಲ ಲೆಕ್ಕ ಹಾಕಿ ಮುಗಿಸಿರುತ್ತಿದ್ದ.

"ನನ್ನನ್ನ ಸೋಲಿಸಿದ್ದು ಆ ಗಡ್ಡದವನಲ್ಲ ಕಣೋ ಕೊಟ್ರೇಶಿ, ಆ ಹಾಳು ಗಂಟೆ," ಎಂದು ಅತ್ತೆ ನನ್ನ ಅಂಗಡಿಯಲ್ಲಿ ಕೂತು ಹೇಳುತ್ತಿದ್ದಳು. "ಈ ಸಲ ನಾನು ಏಳೋದೇ ಇಲ್ಲ. ಅಭ್ಯಾಸ ಶುರು ಮಾಡ್ತೀನಿ."

ಅವಳು ಅಭ್ಯಾಸ ಎಂದದ್ದು ಕೂರುವ ಅಭ್ಯಾಸ. ಹೇಳಿದ ಹಾಗೆಯೇ ನಡೆದಳು. ನನ್ನ ಅಂಗಡಿಯ ಮೂಲೆಯಲ್ಲಿ ಚಾಪೆ ಹಾಸಿ, ಮನೆಗಳನ್ನು ಬರೆದು, ಎರಡೂ ಕಡೆಯ ಕಾಯಿಗಳನ್ನು ತಾನೇ ನಡೆಸುತ್ತ ಕೂರತೊಡಗಿದಳು. ಗಂಟೆ ಹೊಡೆಯುತ್ತಿತ್ತು. ಇಡೀ ಬೀದಿ ಎದ್ದು ನಡೆಯುತ್ತಿತ್ತು, ಅಂಗಡಿಯೊಳಗೇ ನಾನೂ ಗಿರಗಿರ ಸುತ್ತುತ್ತಿದ್ದೆ. ಅವಳು ಮಾತ್ರ ತೊಡೆ ತಟ್ಟಿಕೊಂಡು "ಚೌಕ!" ಎನ್ನುತ್ತಿದ್ದಳು. ಗಂಡ ತೀರಿಹೋಗಿ ಮಕ್ಕಳಿಲ್ಲದ ಹೆಂಗಸು. ನನ್ನನ್ನು ಚಿಕ್ಕಂದಿನಿಂದ ಸಾಕಿದವಳು. ಗಟ್ಟಿಯಾಗಿ ಬೈಯಲು ನನಗೆ ಬಾಯಿ ಬರುತ್ತಿರಲಿಲ್ಲ. ಬೈದರೂ ಅವಳು ಕೇಳುವವಳಲ್ಲ.

ಒಂದು ಬೆಳಿಗ್ಗೆ ನಾನು ಮಜ್ಜಿಗೆಯವರ ಒಂದು ದೊಗಳೆ ಜುಬ್ಬಕ್ಕೆ ತೋಳು ಕೂರಿಸುತ್ತಿದ್ದೆ. ಹಿಂದೆ ಕವಡೆಗಳು ನೆಲಕ್ಕೆ ಬಿದ್ದು ಉರುಳಿದ ಸದ್ದಾಯಿತು. ಬಾರವೋ ಚೌಕವೋ ಎಂದು ಅವಳು ಕೂಗಲಿಲ್ಲ. ತಿರುಗಿ ನೋಡಿದೆ. ಅತ್ತೆಯ ಬಲಗೈ ತೊಡೆಯ ಮೇಲೆ ಯಾರದ್ದೋ ಕೈಯಂತೆ ಬಿದ್ದಿತ್ತು. ಬಾಯಿ ಒಂದು ಕಡೆಗೆ ಸೊಟ್ಟಗಾಗಿತ್ತು. ನನ್ನನ್ನೇ ದಿಟ್ಟಿಸಿ, "ಗುಂಡಿ... ಗುಂಡಿಗೆ ಉಪ್ಪು ಹಾಕು," ಎಂದಳು. ಕತ್ತರಿ ಎಲ್ಲಿ ಬಿತ್ತೋ ನೋಡದೆ ಅವಳನ್ನು ಎತ್ತಿಕೊಂಡು ಓಡಿದೆ.

ನಮ್ಮೂರಿನ ಆಸ್ಪತ್ರೆ ಇರುವುದು ಸೇತುವೆಯ ಮೇಲೆ. ಯಾವ ದಂಡೆಯಲ್ಲಿ ಕಟ್ಟಿದರೂ ಇನ್ನೊಂದು ದಂಡೆಗೆ ಸಿಟ್ಟು ಬರುತ್ತಿತ್ತಾದ್ದರಿಂದ ನಡುವೆ ಕಟ್ಟಿದರು. ಆಗ ಅಲ್ಲಿಗೆ ಹೊಸದಾಗಿ ಡಾಕ್ಟರ್ ರುಖಿಯಾ ಬಂದಿದ್ದರು. ಹೊರಗಿನವರು, ಇನ್ನೂ ಚಿಕ್ಕ ವಯಸ್ಸು. ನಮ್ಮ ಗಂಟೆಗೂ ಮಜ್ಜಿಗೆಯವರ ಗಡ್ಡಕ್ಕೂ ಒಂದೇ ಸಮ ಬೆರಗಾಗುತ್ತಿದ್ದ ಹೆಣ್ಣುಮಗಳು. ನಾವು ಅಲ್ಲಿಗೆ ಮುಟ್ಟುವಷ್ಟರಲ್ಲಿ ಅತ್ತೆಯ ಬಾಯಿ ನೆಟ್ಟಗಾಗಿತ್ತು, ಕೈ ಆಡುತ್ತಿತ್ತು. "ಇಳಿಸೋ ನನ್ನ, ನಾನೇನು ಮೂಟೆನಾ?" ಎಂದು ನನಗೆ ಬೈಯಲೂ ಶುರು ಮಾಡಿದ್ದಳು.

"ಇದು ತಾನಾಗಿ ಸರಿಹೋಯಿತು ಅಂತ ಸುಮ್ಮನಿರಬೇಡಿ," ಎಂದರು ಡಾಕ್ಟರು. "ಹೆಪ್ಪುಗಟ್ಟಿದ ರಕ್ತದ ಒಂದು ಗರಣೆ ಮೆದುಳಿನ ದಾರಿಗೆ ಅಡ್ಡ ನಿಂತು ಹೋಗಿದೆ. ಈ ಸಲ ಕರಗಿತು. ಮುಂದಿನ ಸಲ ಕರಗದೆ ಹೋದರೆ ಕೈ ಹಾಗೇ ಉಳಿಯಬಹುದು, ಮಾತೂ ಹೋಗಬಹುದು."

"ಮಾತು ಹೋದರೆ ಹೋಗಲಿ, ಕೈ ಬೇಕು. ಕವಡೆ ಹಾಕೋದು ಕೈಯಲ್ಲಿ," ಎಂದಳು ಅತ್ತೆ. ಆದರೆ ಹೇಳುವಾಗ ಅವಳು ಎಡಗೈಯಿಂದ ಬಲಗೈಯನ್ನು ಬಿಗಿಯಾಗಿ ಹಿಡಿದುಕೊಂಡಿದ್ದಳು.

ಡಾಕ್ಟರು ಒಂದು ಬಿಳಿ ಮಾತ್ರೆ ಕೊಟ್ಟರು, ದಿನಾ ನುಂಗಬೇಕು. ಎಲ್ಲ ಊರುಗಳಲ್ಲೂ ಎಲ್ಲರಿಗೂ ಕೊಡುವುದು ಇದನ್ನೇ ಎಂದರು. ಹೆದರಿದ್ದ ಅತ್ತೆ ಆಮೇಲೆ ಮಗುವಿನ ಹಾಗೆ ಹೇಳಿದ್ದು ಕೇಳಿದಳು. ಮಾತ್ರೆ ತಪ್ಪಿಸಲಿಲ್ಲ. ಗಂಟೆ ಹೊಡೆದರೆ ಎಲ್ಲರಿಗಿಂತ ಮೊದಲು ಎದ್ದಳು. ಬೀದಿಯ ಹೆಂಗಸರಿಗೆ ಮಕ್ಕಳನ್ನು ಹೆದರಿಸಲು ಬೇರೆ ಹೆಸರು ಹುಡುಕಬೇಕಾಯಿತು.

ಹೀಗಿರುವಾಗ ಒಂದು ಮಧ್ಯಾಹ್ನ ಗಂಟೆ ಹೊಡೆದು ಬೀದಿಯೆಲ್ಲ ನಡೆಯುತ್ತಿತ್ತು. ಎಲ್ಲರ ಮುಂದೆ ಬೀಸುಹೆಜ್ಜೆ ಹಾಕುತ್ತಿದ್ದ ಹಾಲಮ್ಮತ್ತೆ ಬಲಗಡೆಗೆ ವಾಲಿ ಬಳೆಯಂಗಡಿಯವನ ಮೇಲೆ ಬಿದ್ದಳು. ಮಾತ್ರೆ ನುಂಗಿದ್ದಳು, ನಡೆಯುತ್ತಲೂ ಇದ್ದಳು, ಆದರೂ ಬಂತು. ಈ ಸಲ ಬಾಯಿ ನೆಟ್ಟಗಾಗಲು ಇನ್ನೂ ಹೆಚ್ಚು ಹೊತ್ತು ಹಿಡಿಯಿತು. ಆಸ್ಪತ್ರೆಯ ಮಂಚದ ಮೇಲೆ ನನ್ನ ಕೈ ಹಿಡಿದು ಏನೋ ಹೇಳಲು ನೋಡುತ್ತಿದ್ದಳು, ಬರುತ್ತಿರಲಿಲ್ಲ. ಅಷ್ಟು ಮಾತಿನ ಹೆಂಗಸು ಮಾತಿಲ್ಲದೆ ಮಲಗಿದ್ದನ್ನು ನೋಡಿ ನಾನು ಕಿಟಕಿಯ ಕಡೆ ತಿರುಗಿ ಹೊಳೆ ನೋಡುತ್ತ ನಿಂತೆ.

ಡಾಕ್ಟರ್ ರುಖಿಯಾ ಅತ್ತೆಯ ಮಾತ್ರೆಗಳನ್ನು ಎಣಿಸಿ ನೋಡಿದರು, ಒಂದೂ ತಪ್ಪಿರಲಿಲ್ಲ. ಆಮೇಲೆ ಅತ್ತೆಯ ಬೆರಳಿನಿಂದ ಎರಡು ಹನಿ ರಕ್ತ ತೆಗೆದು ಎರಡು ಗಾಜಿನ ಬಟ್ಟಲಲ್ಲಿ ಹಾಕಿದರು. ಒಂದಕ್ಕೆ ಆ ಬಿಳಿ ಮಾತ್ರೆಯ ನೀರನ್ನು ಬೆರೆಸಿದರು, ಇನ್ನೊಂದಕ್ಕೆ ಬರೀ ನೀರು. ನಾವು ನೋಡುತ್ತಿದ್ದ ಹಾಗೆಯೇ ಎರಡೂ ಹೆಪ್ಪುಗಟ್ಟಿದವು. ಮಾತ್ರೆ ಬಿದ್ದದ್ದು ಆ ರಕ್ತಕ್ಕೆ ಗೊತ್ತೇ ಆಗಿರಲಿಲ್ಲ.

"ರಕ್ತದೊಳಗೆ ಪ್ಲೇಟ್‌ಲೆಟ್ ಅಂತ ಪುಟ್ಟಪುಟ್ಟ ತುಣುಕು ಇರುತ್ತವೆ," ಎಂದು ಅತ್ತೆಗೆ ಮಾತು ಮರಳಿದ ಮೇಲೆ ಡಾಕ್ಟರು ವಿವರಿಸಿದರು. "ಗಾಯವಾದಾಗ ಅವು ಒಂದಕ್ಕೊಂದು ಅಂಟಿಕೊಂಡು ರಕ್ತ ನಿಲ್ಲಿಸುತ್ತವೆ. ಅವಕ್ಕೆ ಮನೆಗೆ ಇರೋ ಹಾಗೆ ಬಾಗಿಲು ಇವೆ. ಗಾಯದ ಸುದ್ದಿ ಬಂದು ಬಾಗಿಲು ಬಡಿದರೆ ಮಾತ್ರ ಏಳುತ್ತವೆ. ಕೆಲವರ ಬಾಗಿಲು ಹುಟ್ಟಿನಿಂದಲೇ ಬಿಗಿ, ಎಷ್ಟು ಬಡಿದರೂ ಬೇಗ ತೆರೆಯೋದಿಲ್ಲ. ಕೆಲವರದ್ದು ಗಾಳಿ ಬೀಸಿದರೂ ತೆರೆದುಕೊಳ್ಳುತ್ತೆ. ಅಪ್ಪ ಅಮ್ಮನಿಂದ ಮೂಗು ಬಂದ ಹಾಗೆ ಬಾಗಿಲೂ ಬರುತ್ತೆ. ನಾನು ಕೊಟ್ಟ ಮಾತ್ರೆ ಮುಂಬಾಗಿಲಿಗೆ ಬೀಗ ಹಾಕುತ್ತೆ. ನಿಮ್ಮಲ್ಲಿ ಸಡಿಲವಾಗಿರೋದು ಹಿತ್ತಲ ಬಾಗಿಲು."

"ಏನಂದಿರಿ?" ಎಂದು ಅತ್ತೆ ಸೆರಗು ಸರಿಮಾಡಿಕೊಂಡಳು. "ಹಾಲಮ್ಮನ ಮನೆ ಹಿತ್ತಲ ಬಾಗಿಲು ಸಡಿಲ ಅಂತ ಊರವರ ಮುಂದೆ ಹೇಳಿಬಿಟ್ಟೀರಿ, ಜೋಕೆ."

ಡಾಕ್ಟರು ನಕ್ಕರು. ನಗುತ್ತಲೇ ಅವರ ಮುಖ ಸಣ್ಣದಾಯಿತು. "ಈ ಮಾತ್ರೆಯನ್ನ ಸಾವಿರಾರು ಜನರ ಮೇಲೆ ಪರೀಕ್ಷೆ ಮಾಡಿಯೇ ತಂದಿದ್ದಾರೆ. ಆ ಸಾವಿರಾರು ಜನ ಯಾರೂ ಈ ಹೊಳೆಯ ನೀರು ಕುಡಿದವರಲ್ಲ. ಅವರಿಗೆ ಆಗಿದ್ದು ನಿಮಗೂ ಆಗುತ್ತೆ ಅಂತ ನಾನೂ ನಂಬಿದ್ದೆ. ಇನ್ನು ನಂಬೋದಿಲ್ಲ. ಹಿತ್ತಲ ಬಾಗಿಲಿನ ಬೀಗ ಬೇರೆ ಇದೆ, ತರಿಸುತ್ತೇನೆ. ಅದು ಬರೋವರೆಗೆ ಎರಡು ದಂಡೆಯವರದ್ದೂ ಒಂದೊಂದು ಹನಿ ರಕ್ತ ನೋಡಬೇಕು. ಯಾರ ಬಾಗಿಲು ಹೇಗಿದೆ ಅಂತ ಗೊತ್ತಿಲ್ಲದೆ ಇನ್ನು ಯಾರಿಗೂ ಮಾತ್ರೆ ಕೊಡಲ್ಲ."

ನಮ್ಮ ದಂಡೆಯವರು ಸಾಲಾಗಿ ಹೋಗಿ ಬೆರಳು ಕೊಟ್ಟರು. ನಮಗೆ ಸೂಜಿ ಎಂದರೆ ಸೊಳ್ಳೆ. ಮಜ್ಜಿಗೆ ದಂಡೆಯಲ್ಲಿ ಮಾತ್ರ ಗುಲ್ಲೋ ಗುಲ್ಲು. ಸೂಜಿ ಚುಚ್ಚಿಸಿಕೊಂಡರೆ ಮನೆಯವರೆಲ್ಲ ರಜೆ ಹಾಕಬೇಕು, ಊರೆಲ್ಲ ಚುಚ್ಚಿಸಿಕೊಂಡರೆ ಹತ್ತಿ ಎಲ್ಲಿಂದ ತರುವುದು? ಬೆನಕಪ್ಪ ಸೇತುವೆಯ ಮೇಲೆ ಕಂಬಳಿ ಹಾಸಿ ಕೂತು, "ನಮ್ಮ ಜನದ ಒಂದು ಹನಿ ರಕ್ತವೂ ಈ ಸೇತುವೆ ದಾಟೋದಿಲ್ಲ," ಎಂದು ಸಾರಿದ. ಅವನು ಕೂತ ಮೇಲೆ ಅವನನ್ನು ಎಬ್ಬಿಸುವವರು ಯಾರು?

ಹಾಲಮ್ಮತ್ತೆ ಆಸ್ಪತ್ರೆಯ ಮಂಚದಿಂದ ಇಳಿದು ಸೀದಾ ಅವನ ಮುಂದೆ ಹೋಗಿ ನಿಂತಳು.

"ಬೆನಕಪ್ಪ, ಈ ವರ್ಷ ಪಂದ್ಯ ಬೇಕೋ ಬೇಡವೋ?"

"ಬೇಕಲ್ಲ ಮತ್ತೆ. ನೀನು ಸೋಲದ ವರ್ಷ ನಂಗೆ ವರ್ಷದ ಹಾಗೇ ಅನ್ನಿಸಲ್ಲ."

"ಹಾಗಾದರೆ ಬೆರಳು ಕೊಡು. ಕೊಡದೆ ಇದ್ದರೆ ನಾನು ಆಡಲ್ಲ. ಎದುರಾಳಿಯೇ ಇಲ್ಲದೆ ಗೆದ್ದೆ ಅಂತ ಸೇತುವೆಗೆ ಹೆಸರು ಬರೆಸ್ಕೋ, ನೋಡಿದೋರು ನಗ್ತಾರೆ."

ಬೆನಕಪ್ಪ ಗಡ್ಡದೊಳಗೆ ಬೆರಳಾಡಿಸಿದ. ಚೌಕಾಬಾರ ಬಿಟ್ಟು ಬದುಕುವುದು ಅವನಿಂದ ಆಗುವ ಕೆಲಸವಲ್ಲ. ಕೊನೆಗೆ ಒಪ್ಪಿದ. ಹತ್ತಿಯ ದೊಡ್ಡ ಉಂಡೆ ಹಿಡಿದ ಸೊಸೆಯಂದಿರು ಒಂದು ಕಡೆ, ಬಟ್ಟಲು ಹಿಡಿದ ಅಳಿಯ ಇನ್ನೊಂದು ಕಡೆ, ನಡುವೆ ಕಣ್ಣು ಮುಚ್ಚಿಕೊಂಡ ಬೆನಕಪ್ಪ. ಬದುಕಿನಲ್ಲಿ ಮೊದಲ ಬಾರಿ ಅವನ ಮೈಗೆ ಸೂಜಿ ತಾಗುತ್ತಿತ್ತು. ಡಾಕ್ಟರು ಚುಚ್ಚಿ ಒಂದು ಹನಿ ತೆಗೆದುಕೊಂಡರು. ಎಲ್ಲರೂ ಬೆರಳನ್ನೇ ನೋಡಿದರು. ಸೊಸೆ ಹತ್ತಿ ಒತ್ತಲು ಬಗ್ಗಿದಳು. ಒತ್ತುವುದಕ್ಕೆ ಏನೂ ಇರಲಿಲ್ಲ. ಬೆರಳ ತುದಿ ಆಗಲೇ ಒಣಗಿತ್ತು.

ಬೆನಕಪ್ಪ ಒಂದು ಕಣ್ಣು ತೆರೆದು, "ಚುಚ್ಚಿ ಆಯ್ತಾ?" ಎಂದ.

"ಆಯ್ತು. ನಿಂತೂ ಆಯ್ತು," ಎಂದರು ಡಾಕ್ಟರು.

"ಆ ಸೂಜಿ ಸರಿ ಇಲ್ಲ," ಎಂದು ಅವನು ಎದ್ದು ಹೊರಟೇಬಿಟ್ಟ. ಅವನು ಅಷ್ಟು ಬೇಗ ಎದ್ದದ್ದನ್ನು ಅದಕ್ಕೆ ಮೊದಲು ಯಾರೂ ನೋಡಿರಲಿಲ್ಲ.

ಹಿರಿಯನೇ ಕೊಟ್ಟ ಮೇಲೆ ಉಳಿದವರೂ ಒಬ್ಬೊಬ್ಬರಾಗಿ ಬಂದರು. ಕೆಲವರ ಬೆರಳಿಗೆ ಹತ್ತಿಯ ಮೇಲೆ ಹತ್ತಿ ಬೇಕಾಯಿತು, ಕೆಲವರಿಗೆ ಬೇಕಾಗಲೇ ಇಲ್ಲ. ಕೊನೆಗೆ ಡಾಕ್ಟರು ಎರಡು ದಂಡೆಯವರನ್ನೂ ಸೇತುವೆಗೆ ಕರೆದು ನಿಲ್ಲಿಸಿ ಹೇಳಿದರು. ಮೂಡಲ ದಂಡೆಯಲ್ಲಿ ಬೇಗ ಹೆಪ್ಪುಗಟ್ಟುವವರು ಹೆಚ್ಚು ಅನ್ನುವುದು ನಿಜ. ಪಡುವಲ ದಂಡೆಯಲ್ಲಿ ನಿಧಾನದವರು ಹೆಚ್ಚು ಅನ್ನುವುದೂ ನಿಜ. ಆದರೆ ಹೆಚ್ಚು ಅಂದರೆ ಎಲ್ಲರೂ ಅಲ್ಲ. ಅಲ್ಲಿ ಇಂಥವರು ಇದ್ದಾರೆ, ಇಲ್ಲಿ ಅಂಥವರು ಇದ್ದಾರೆ. ಎರಡರ ನಡುವಿನವರೂ ಇದ್ದಾರೆ. "ನಿಮ್ಮ ಮನೆ ಯಾವ ದಂಡೆಯಲ್ಲಿದೆ ಅಂತ ನೋಡಿ ನಿಮ್ಮ ರಕ್ತ ಹೇಳೋಕೆ ನನ್ನಿಂದ ಆಗಲ್ಲ. ನಿಮ್ಮಿಂದಲೂ ಆಗಲ್ಲ," ಎಂದರು. ಜನ ಪಕ್ಕದಲ್ಲಿ ನಿಂತವರನ್ನು ಹೊಸದಾಗಿ ನೋಡುವವರ ಹಾಗೆ ನೋಡಿದರು. ನಮ್ಮೂರಲ್ಲಿ ಹಿಂದೆ ಯಾರ ಅಜ್ಜ ಯಾವಾಗ ಸೇತುವೆ ದಾಟಿ ಹೋಗಿದ್ದ ಎಂಬ ಗುಸುಗುಸು ಆವತ್ತು ಶುರುವಾದದ್ದು ಇನ್ನೂ ನಿಂತಿಲ್ಲ.

ನನ್ನನ್ನು ಪಕ್ಕಕ್ಕೆ ಕರೆದು, "ನೀವು ಅಪ್ಪಟ ಮಜ್ಜಿಗೆ, ಕೊಟ್ರೇಶಿ," ಎಂದರು ಡಾಕ್ಟರು. ಮೊದಲಿಗೆ ನನಗೆ ನಗು ಬಂತು. ಆಮೇಲೆ ಒಂದೊಂದೇ ಹೊಳೆಯಿತು. ಸೂಜಿ ಚುಚ್ಚಿಕೊಂಡಾಗಲೆಲ್ಲ ಬಟ್ಟೆಯ ಮೇಲೆ ಕಲೆಯಾಗುತ್ತಿತ್ತು. ಬಣ್ಣ ಬಿಡುವ ಬಟ್ಟೆ ಕೊಟ್ಟಿರಿ ಎಂದು ನಾನು ಗಿರಾಕಿಗಳ ಜೊತೆ ಜಗಳವಾಡುತ್ತಿದ್ದೆ. ಕೊನೆಕೊನೆಗೆ ಕೆಂಪು ಬಟ್ಟೆ ಹೊಲಿಸಿಕೊಳ್ಳಿ, ನಿಮ್ಮ ಬಣ್ಣಕ್ಕೆ ಒಪ್ಪುತ್ತದೆ ಎಂದು ಬಂದವರಿಗೆಲ್ಲ ಹೇಳಲು ಶುರು ಮಾಡಿದ್ದೆ. ಮಜ್ಜಿಗೆ ದಂಡೆಯ ಅರ್ಧ ಜನ ಕೆಂಪು ಜುಬ್ಬದಲ್ಲಿ ಓಡಾಡುತ್ತಿದ್ದದ್ದು ನನ್ನ ದೆಸೆಯಿಂದಲೇ.

ಅಂದು ಗಂಟೆ ಹೊಡೆದಾಗ ನಾನು ಬೇಕೆಂದೇ ಸ್ಟೂಲಿನ ಮೇಲೆ ಕೂತೆ. ಹುಟ್ಟಿದಾಗಿನಿಂದ ಆ ಆಸೆ ಇತ್ತು. ಬೀದಿಯೆಲ್ಲ ನಡೆಯುತ್ತ ಮಾತಾಡಿಕೊಳ್ಳುತ್ತ ನನ್ನ ಅಂಗಡಿ ದಾಟಿ ಹೋಯಿತು. ಯಾರೋ ಏನೋ ಹೇಳಿ ಎಲ್ಲರೂ ನಕ್ಕರು, ಏನೆಂದು ನನಗೆ ಕೇಳಿಸಲಿಲ್ಲ. ತಡೆಯಲಾಗದೆ ಎದ್ದು ಹಿಂದೆ ಓಡಿದೆ.

ಅತ್ತೆಯ ಹೊಸ ಮಾತ್ರೆ ದೂರದ ದೊಡ್ಡ ಆಸ್ಪತ್ರೆಯಿಂದ ಬಂತು. ಡಾಕ್ಟರು ಮೊದಲು ಬಟ್ಟಲಲ್ಲಿ ಹಾಕಿ ತೋರಿಸಿದರು. ಈ ಸಲ ಮಾತ್ರೆ ಬೆರೆತ ಹನಿ ನೀರಾಗಿಯೇ ಉಳಿಯಿತು. "ಬೀಗ ಬಿತ್ತು!" ಎಂದು ಅತ್ತೆ ಚಪ್ಪಾಳೆ ಹೊಡೆದಳು. "ಬಿತ್ತು. ಆದರೆ ಇನ್ನು ಮೇಲೆ ನಿಮಗೆ ಗಾಯವಾದರೆ ರಕ್ತ ಬೇಗ ನಿಲ್ಲಲ್ಲ. ಚಾಕು ಈಳಿಗೆ ಹತ್ತಿರ ಹುಷಾರು," ಎಂದರು ಡಾಕ್ಟರು. ಅತ್ತೆ ನನ್ನ ಮುಖ ನೋಡಿದಳು. ಈಳಿಗೆ ಇಲ್ಲದೆ ಹುರುಳಿಕಾಯಿ ಪಲ್ಯ ಮಾಡುವುದು ಹೇಗೆಂದು ಮೂಡಲ ದಂಡೆಯಲ್ಲಿ ಯಾರಿಗೆ ಗೊತ್ತು?

ಹೇಳಿಕೊಡಲು ಬಂದವನು ಬೆನಕಪ್ಪ. ಯಾರು ಹೇಳಿ ಕಳಿಸಿದರೋ ಗೊತ್ತಿಲ್ಲ, ಒಂದು ಬೆಳಿಗ್ಗೆ ಮೆತ್ತನೆಯ ಚಪ್ಪಲಿಯಲ್ಲಿ ಸೇತುವೆ ದಾಟಿ ಅತ್ತೆಯ ಅಡುಗೆಮನೆಗೆ ಬಂದು ಕೂತ. ಹುರುಳಿಕಾಯಿಯನ್ನು ಯಾವ ಗೆಣ್ಣಿನಲ್ಲಿ ಮುರಿದರೆ ನಾರು ತಾನಾಗಿ ಬರುತ್ತದೆ, ಬದನೆಕಾಯಿಯನ್ನು ಮೊದಲು ಬೇಯಿಸಿ ಆಮೇಲೆ ಹೇಗೆ ಹರಿಯಬೇಕು, ಬಾಗಿಲ ಚಿಲಕಕ್ಕೆ ಬಟ್ಟೆ ಹೇಗೆ ಸುತ್ತಬೇಕು, ಎಲ್ಲ ತೋರಿಸಿದ. ಅವಳ ಮನೆಯ ಮೇಜಿನ ಮೂಲೆಗಳನ್ನು ತಾನೇ ಕೂತು ಉಜ್ಜಿ ದುಂಡಗೆ ಮಾಡಿದ. ದಿನಾ ಬರತೊಡಗಿದ. ಗಂಟೆ ಹೊಡೆದರೆ ಮಾತ್ರ ಕೂತಲ್ಲಿಂದ ಅಲುಗುತ್ತಿರಲಿಲ್ಲ.

"ಏಳೋ ಮಾರಾಯ," ಎನ್ನುತ್ತಿದ್ದಳು ಅತ್ತೆ. "ನಿನ್ನ ಬೆರಳು ಒಣಗಿದ್ದು ಊರೇ ನೋಡಿದೆ. ಡಾಕ್ಟರಮ್ಮ ಏನಂದರು?"

"ನನ್ನ ಬಾಗಿಲೂ ಸಡಿಲ ಅಂದರು. ಅನ್ನಲಿ. ನಮ್ಮಪ್ಪ ಮಜ್ಜಿಗೆ, ಅವರಪ್ಪ ಮಜ್ಜಿಗೆ. ಇಷ್ಟು ವರ್ಷ ಕೂತೋನು ಇವತ್ತು ಗಂಟೆಗೆ ಎದ್ದರೆ ನಮ್ಮ ದಂಡೆಯವರು ನನ್ನ ಮುಖ ನೋಡ್ತಾರಾ?"

"ಕೈ ಬಿದ್ದುಹೋದರೆ ಹೇಗಿರುತ್ತೆ ಗೊತ್ತಾ ನಿಂಗೆ? ನಂದೇ ಕೈ, ನಂದಲ್ಲ ಅನ್ನಿಸ್ತು. ಕೊಟ್ರೇಶಿ ಅನ್ನೋಕೆ ಹೋದರೆ ಬಾಯಲ್ಲಿ ಬೇರೆ ಏನೋ ಬಂತು." ಅತ್ತೆ ಆ ವಿಷಯ ಆಡಿದ್ದು ಅದೇ ಮೊದಲು. ಬೆನಕಪ್ಪ ಬದನೆಕಾಯಿಯನ್ನು ಬೇಕಾದ್ದಕ್ಕಿಂತ ಹೆಚ್ಚು ಹಿಚುಕಿದ. ಅಷ್ಟಾದರೂ ಏಳಲಿಲ್ಲ, ಆಸ್ಪತ್ರೆಯ ಕಡೆಗೂ ಹೋಗಲಿಲ್ಲ.

ಪಂದ್ಯದ ದಿನ ಸೇತುವೆಯ ಮೇಲೆ ಕಾಲಿಡಲು ಜಾಗವಿರಲಿಲ್ಲ. ಕೆಂಪು ಜುಬ್ಬದವರು ಒಂದು ಕಡೆ, ನಾವು ಒಂದು ಕಡೆ, ನಡುವೆ ಚಾಪೆ. ಅತ್ತೆ ಹೊಸ ಸೀರೆ ಉಟ್ಟಿದ್ದಳು. ಅವಳ ಕೈ ಅಷ್ಟು ಚೆನ್ನಾಗಿ ಆಡಿದ್ದನ್ನು ನಾನು ಎಂದೂ ನೋಡಿರಲಿಲ್ಲ. ಗಂಟೆ ಬಂತು, ಎದ್ದಳು, ನಡೆದಳು, ಬಂದು ಕೂತಳು. ಮತ್ತೆ ಗಂಟೆ, ಮತ್ತೆ ನಡೆದಳು. ಆದರೂ ಅವಳ ಕಾಯಿಗಳು ಒಂದೊಂದಾಗಿ ಒಳಮನೆ ಸೇರಿ ಹಣ್ಣಾದವು. ಬೆನಕಪ್ಪನ ಕಾಯಿಗಳನ್ನು ಕಡಿದು ಕಡಿದು ಹೊರಗೆ ಹಾಕಿದಳು. ಬಿಸಿಲು ನೆತ್ತಿಗೆ ಬಂದರೂ ಅವನು ಅಲುಗದೆ ಕೂತಿದ್ದ, ಕೂತಷ್ಟೂ ಅವನ ಮುಖ ಬಿಳಿಚುತ್ತಿತ್ತು. ಅವಳಿಗೆ ಉಳಿದದ್ದು ಒಂದೇ ಕಾಯಿ. ಚೌಕ, ಅಂದರೆ ನಾಲ್ಕು, ಬಿದ್ದರೆ ಅದೂ ಹಣ್ಣು.

ಬೆನಕಪ್ಪ ತನ್ನ ಸರದಿಗೆ ಕವಡೆ ಎತ್ತಿಕೊಂಡ. ಎತ್ತಿದ ಕವಡೆಗಳಲ್ಲಿ ಒಂದು ಬೆರಳ ಸಂದಿಯಿಂದ ಜಾರಿ ಬಿತ್ತು. ಅವನು ಅದನ್ನು ಮತ್ತೆ ಎತ್ತಿಕೊಂಡ, ಮತ್ತೆ ಜಾರಿತು. ಜನ ನಕ್ಕರು, ಸೋಲುವ ಹೆದರಿಕೆಗೆ ಕೈ ನಡುಗುತ್ತಿದೆ ಎಂದುಕೊಂಡರು. ಅತ್ತೆ ನಗಲಿಲ್ಲ. ಅವಳು ಅವನ ಕೈಯನ್ನೇ ನೋಡುತ್ತಿದ್ದಳು. ಅವನು ಹೇಗೋ ಕವಡೆ ಹಾಕಿದ, ಏನೂ ಬೀಳಲಿಲ್ಲ. ಇವಳು ಕವಡೆ ಕೈಗೆ ತೆಗೆದುಕೊಂಡಳು. ಆಗ ಗಂಟೆ ಹೊಡೆಯಿತು.

ನಡೆಯುವ ನೆಪದಲ್ಲಿ ಯಾರೂ ಆಟ ಎಳೆಯಬಾರದೆಂದು ಆ ವರ್ಷ ಪಂದ್ಯಕ್ಕೆ ಒಂದು ಹೊಸ ನಿಯಮ ಮಾಡಿದ್ದರು. ಕವಡೆ ಕೈಯಲ್ಲಿರುವಾಗ ಗಂಟೆ ಬಿದ್ದರೆ, ಸದ್ದು ನಿಲ್ಲುವುದರೊಳಗೆ ಹಾಕಿಬಿಡಬೇಕು, ಹಾಕದಿದ್ದರೆ ಆಟ ಸೋತಂತೆ. ನಮ್ಮ ಕಡೆಯವರೆಲ್ಲ, "ಹಾಕು ಹಾಲಮ್ಮ, ಹಾಕು!" ಎಂದು ಕೂಗಿದರು. ಅತ್ತೆ ಮುಚ್ಚಿದ ಮುಷ್ಟಿ ಹಿಡಿದು ಎದ್ದು ನಿಂತಳು.

"ಬೆನಕಪ್ಪ, ಏಳು."

"ಕವಡೆ ಹಾಕು," ಎಂದ ಅವನು. ನಾಲಗೆ ಸ್ವಲ್ಪ ತೊದಲಿತು.

"ನೀನು ಏಳೋ ತನಕ ಹಾಕಲ್ಲ. ಎದ್ದು ನನ್ನ ಜೊತೆ ಆಸ್ಪತ್ರೆ ಬಾಗಿಲ ತನಕ ಬಾ."

"ಅತ್ತೆ, ಹಾಕಿಬಿಟ್ಟು ಮಾತಾಡು," ಎಂದು ನಾನು ಅವಳ ಕಿವಿಯಲ್ಲಿ ಅಂದೆ. ಅವಳು ನನ್ನನ್ನು ಮೊಣಕೈಯಿಂದ ತಳ್ಳಿದಳು.

"ಹಾಕಿ ಗೆದ್ದರೆ ಇವನು ಸೋತ ಸಿಟ್ಟಿಗೆ ಇಲ್ಲೇ ಬೇರು ಬಿಡ್ತಾನೆ. ನಂಗೊತ್ತಿಲ್ವಾ ಇವನ ಜಾತಕ? ಏಳೋ!"

ಅವನು ಏಳಲಿಲ್ಲ. ತನ್ನ ಜನರ ಕಡೆಗೆ ನೋಡಿದ, ಅವರು ಅವನನ್ನೇ ನೋಡುತ್ತಿದ್ದರು. ಗಂಟೆಯ ಸದ್ದು ಹೊಳೆಯ ಮೇಲೆ ಸಣ್ಣದಾಗುತ್ತ ಹೋಗಿ ನಿಂತಿತು. ಹಾಲಮ್ಮತ್ತೆ ಮುಷ್ಟಿ ಬಿಚ್ಚಿ, ಕವಡೆಗಳನ್ನು ಹಾಕದೆ, ಒಂದೊಂದಾಗಿ ಚಾಪೆಯ ಮೇಲೆ ಇಟ್ಟಳು. ಸೋತಳು.

ಕೆಂಪು ಜುಬ್ಬದವರು ಹೋ ಎಂದು ಕುಣಿದರು. ಬೆನಕಪ್ಪನನ್ನು ಹೆಗಲ ಮೇಲೆ ಎತ್ತಲು ಅವನ ಅಳಿಯ ಬಗ್ಗಿದ. ಬೆನಕಪ್ಪ ಅವನ ಕೈ ಸರಿಸಿದ. ಆ ಚಾಪೆ ನೋಡಿದ, ಹಣ್ಣಾಗಲು ನಾಲ್ಕೇ ಮನೆಯಾಚೆ ನಿಂತಿದ್ದ ಅವಳ ಕಾಯಿ ನೋಡಿದ. ಆಮೇಲೆ ಎರಡೂ ಅಂಗೈಯನ್ನು ನೆಲಕ್ಕೂರಿ ಏಳಲು ನೋಡಿದ, ಬಲಗೈ ಮಡಚಿತು. ನಾನು ಒಂದು ಕಂಕುಳಿಗೆ ಕೈ ಕೊಟ್ಟೆ, ಅತ್ತೆ ಇನ್ನೊಂದಕ್ಕೆ. ಎದ್ದು ನಿಂತ. ಕುಣಿಯುತ್ತಿದ್ದವರು ಒಬ್ಬೊಬ್ಬರಾಗಿ ಸುಮ್ಮನಾದರು.

"ದಾರಿ ಬಿಡ್ರೋ," ಎಂದಳು ಅತ್ತೆ. ಬಿಟ್ಟರು.

ಡಾಕ್ಟರ್ ರುಖಿಯಾ ಬಾಗಿಲಲ್ಲೇ ನಿಂತಿದ್ದರು. ಅವನ ಹನಿಗೆ ಯಾವ ಬೀಗ ಹೊಂದುತ್ತದೆ ಎಂದು ಅವರು ಆಗಲೇ ನೋಡಿಟ್ಟಿದ್ದರು, ಅವನು ಬರುವುದನ್ನೇ ಕಾಯುತ್ತಿದ್ದರು. ಕೈ ಸಂಜೆಯೊಳಗೆ ಸರಿಯಾಯಿತು. ತೊದಲು ಎರಡು ದಿನ ಉಳಿದು ಹೋಯಿತು. ಆ ಎರಡು ದಿನವೂ ಅತ್ತೆ ಅವನ ಮಂಚದ ಪಕ್ಕದಲ್ಲಿದ್ದು ಸಿಕ್ಕಸಿಕ್ಕ ಹಾಗೆ ಬೈದಳು. ತಿರುಗಿ ಬೈಯುವುದಕ್ಕೆ ನಾಲಗೆ ಹೊರಳದೆ ಅವನು ಬಹಳ ಕಷ್ಟಪಟ್ಟ.

ಸೇತುವೆಗೆ ಮಜ್ಜಿಗೆಯ ಹೆಸರೇ ಉಳಿಯಿತು. ನಮ್ಮ ದಂಡೆಯವರು ಕೆಲವು ದಿನ ಅತ್ತೆಯ ಜೊತೆ ಮಾತು ಬಿಟ್ಟರು. ಅವಳು ಅದನ್ನು ಗಮನಿಸಿದ ಹಾಗೆ ಕಾಣಲಿಲ್ಲ. ಬೆನಕಪ್ಪ ಎದ್ದು ಓಡಾಡುವಂತಾದ ಮೇಲೆ ಅವರಿಬ್ಬರೂ ಹೊಳೆಯ ದಂಡೆಯಗುಂಟ ನಡೆಯುತ್ತಿರುವುದನ್ನು ನಾನು ಅಂಗಡಿಯಿಂದಲೇ ನೋಡುತ್ತಿದ್ದೆ. ಅವಳು ಮುಂದೆ, ಗಡ್ಡ ಗಾಳಿಗೆ ಹೆಗಲ ಮೇಲೆ ಹಾರಿಕೊಂಡ ಅವನು ಏದುಸಿರು ಬಿಡುತ್ತ ಹಿಂದೆ. ಒಂದು ಸಂಜೆ ನನ್ನ ಬಾಗಿಲ ಮುಂದೆಯೇ ಹಾದುಹೋದರು.

"ಹಾಲಮ್ಮ, ಮುಂದಿನ ವರ್ಷ ನಾನು ನಿಂಗೆ ಸೋತುಬಿಡ್ತೀನಿ," ಎಂದ ಬೆನಕಪ್ಪ.

ಅತ್ತೆ ಗಕ್ಕನೆ ನಿಂತು ತಿರುಗಿದಳು. "ಬೇಕು ಅಂತ ಸೋತರೆ ನೋಡು, ನಿನ್ನ ಗಡ್ಡ ಬೋಳಿಸಿಬಿಡ್ತೀನಿ. ಈಗ ರಕ್ತ ಬರುತ್ತೆ ಅನ್ನೋ ನೆಪಾನೂ ಇಲ್ಲ."

"ಮಾತ್ರೆ ನುಂಗ್ತೀನಲ್ಲ, ಈಗ ನಿಜವಾಗಲೂ ಬರುತ್ತೆ," ಎಂದ ಅವನು, ಗಡ್ಡಕ್ಕೆ ಎರಡೂ ಕೈ ಅಡ್ಡ ಹಿಡಿದು.

ಅದಕ್ಕೆ ಏನು ಹೇಳಬೇಕೆಂದು ಅತ್ತೆಗೆ ತಿಳಿಯಲಿಲ್ಲ. ಅವಳಿಗೆ ಮಾತು ತಪ್ಪಿದ್ದನ್ನು ನಾನು ಹೆದರದೆ ನೋಡಿದ್ದು ಆವತ್ತೊಂದೇ ದಿನ. ಕೊನೆಗೆ ಅವನ ತೋಳು ಹಿಡಿದು ಎಳೆದುಕೊಂಡು, "ಬಾ ಬಾ, ನಿಂತಲ್ಲೇ ನಿಲ್ಲಬೇಡ," ಎಂದು ನಗುತ್ತ ಮುಂದಕ್ಕೆ ನಡೆದಳು.